ಮಹಾಯುದ್ಧಕ್ಕೆ ಸ್ಯಾಂಡ್‌ವಿಚ್ ಕಾರಣ ಅಲ್ಲ

ವಾಟ್ಸಾಪ್‌ನಲ್ಲಿ ಓಡಾಡುತ್ತಿರುವ ಕಥೆ ಇದು: 1914ರ ಜೂನ್ 28ರಂದು ಬೋಸ್ನಿಯಾದ ಸರಾಯೆವೊದಲ್ಲಿ ಗವ್ರಿಲೊ ಪ್ರಿನ್ಸಿಪ್ ಎಂಬ ಸರ್ಬ್ ಯುವಕ ಸ್ಯಾಂಡ್‌ವಿಚ್ ತಿನ್ನಲು ಹೋದ, ದಾರಿ ತಪ್ಪಿದ ಕಾರು ಎದುರಿಗೇ ಬಂತು, ಒಳಗಿದ್ದ ಆಸ್ಟ್ರಿಯಾ-ಹಂಗೇರಿಯ ಯುವರಾಜನನ್ನು ಗುಂಡು ಹಾರಿಸಿ ಕೊಂದ, ಮೊದಲ ಮಹಾಯುದ್ಧ ಶುರುವಾಯಿತು.

ಸ್ಯಾಂಡ್‌ವಿಚ್ ಮಾತು ಸುಮ್ನೆ ಕಟ್ಟಿದ್ದು. ಯುವರಾಜ ಫ್ರಾಂಜ್ ಫರ್ಡಿನಾಂಡ್ ಹೋಗುವ ದಾರಿ ಮೊದಲೇ ಪ್ರಕಟವಾಗಿತ್ತು. ಪ್ರಿನ್ಸಿಪ್ ಕಾದು ನಿಂತಿದ್ದು ಅದೇ ದಾರಿಯಲ್ಲಿ, ಲ್ಯಾಟಿನ್ ಸೇತುವೆ ಹತ್ತಿರ. ಬೆಳಿಗ್ಗೆ ಅವನ ಜೊತೆಗಾರ ಎಸೆದ ಬಾಂಬು ಗುರಿ ತಪ್ಪಿ ಹಿಂದಿನ ಕಾರಿನವರಿಗೆ ಗಾಯವಾಗಿತ್ತು. ಅವರನ್ನು ನೋಡಲು ಆಸ್ಪತ್ರೆಗೆ ಹೋಗೋಣ ಎಂದು ಯುವರಾಜ ಹೊರಟ. ದಾರಿ ಬದಲಾಗಿದ್ದನ್ನು ಚಾಲಕನಿಗೆ ಯಾರೂ ಹೇಳಲಿಲ್ಲ! ಅವನು ಹಳೇ ದಾರಿಗೇ ತಿರುಗಿಸಿದ. ಅಷ್ಟು ಮಾತ್ರ ನಿಜ.

ಆದರೆ ಆಸ್ಟ್ರಿಯಾ-ಹಂಗೇರಿ ಸರ್ಬಿಯಾದ ಮೇಲೆ ಯುದ್ಧ ಸಾರಿದ್ದು ಒಂದು ತಿಂಗಳ ನಂತರ, ಜುಲೈ 28ಕ್ಕೆ. ಅಷ್ಟರಲ್ಲಿ ಜರ್ಮನಿ 'ಏನೇ ಆದರೂ ನಿಮ್ಮ ಹಿಂದಿದ್ದೇವೆ' ಅನ್ನೋ ಭರವಸೆ ಕೊಟ್ಟಾಗಿತ್ತು. ಆಮೇಲೆ ಸರ್ಬಿಯಾದ ಪರ ರಷ್ಯಾ ಸೈನ್ಯ ಸಜ್ಜು ಮಾಡಿತು. ಜರ್ಮನಿ ಬೆಲ್ಜಿಯಂಗೆ ನುಗ್ಗಿತು, ಬ್ರಿಟನ್ನೂ ಇಳಿಯಿತು. ಎಲ್ಲವೂ ಕೂತು ಯೋಚಿಸಿ ತೆಗೆದುಕೊಂಡ ತೀರ್ಮಾನಗಳೇ. ಪಾಪ, ಚಾಲಕನ ತಲೆಗೆ ಕಟ್ಟೋದು ಯಾಕೆ?

ಸತ್ತ ಸೈನಿಕರೇ 90 ಲಕ್ಷಕ್ಕಿಂತ ಜಾಸ್ತಿ. 1916ರ ಜುಲೈ 1ರಂದು, ಫ್ರಾನ್ಸ್‌ನ ಸೊಮ್ ಕದನದ ಮೊದಲ ದಿನವೇ, ಬ್ರಿಟಿಷ್ ಸೇನೆ 19,240 ಜನರನ್ನು ಕಳೆದುಕೊಂಡಿತು. ಇಡೀ ಯುದ್ಧದಲ್ಲಿ ಭಾರತದಿಂದ ಹೋದವರಲ್ಲಿ ಸುಮಾರು 74,000 ಜನ ವಾಪಸ್ ಬರಲಿಲ್ಲ.