ಪಿಕ್ಚರ್ ಟ್ಯೂಬು ಹೋಗುತ್ತೆ

ರಾತ್ರಿ ಹನ್ನೊಂದೂವರೆಗೆ ನಾನು ಕುದುರೆಯ ಮೈ ಉಜ್ಜುತ್ತಾ ಕೂತಿದ್ದೆ. ಕುವೆಂಪುನಗರದ ಎರಡನೇ ಮಹಡಿ ಮನೆಗೆ ಕುದುರೆ ಎಲ್ಲಿಂದ ಬಂತು ಅನ್ನಬೇಡಿ, ಟಿವಿಯಲ್ಲಿ ಆಡೋ ವಿಡಿಯೋ ಗೇಮಿನೊಳಗಿನ ಕುದುರೆ. ಮೈ ಉಜ್ಜದಿದ್ದರೆ ಅದಕ್ಕೆ ಸುಸ್ತಾಗುತ್ತದೆ. ಮೇವು ಹಾಕದಿದ್ದರೆ ಸರಿಯಾಗಿ ಓಡುವುದಿಲ್ಲ. ಕುದುರೆ ಕೆಲಸ ಮುಗಿದ ಮೇಲೆ ಹೀರೋಗೆ ಊಟ ಹಾಕಬೇಕು. ಗಡ್ಡ ಬೆಳೆದಿದ್ದರೆ ಬೋಳಿಸಬೇಕು. ಬಂದೂಕು ಒರೆಸಿ ಎಣ್ಣೆ ಹಚ್ಚಬೇಕು. ಇಷ್ಟೆಲ್ಲ ಆದ ಮೇಲೆ ದಾರಿಯಲ್ಲಿ ಯಾರಾದರೂ ಕಳ್ಳರು ಸಿಕ್ಕರೆ ಹೊಡೆದಾಟ. ಕಳ್ಳರು ಸಿಗುವಷ್ಟರಲ್ಲಿ ನನಗೆ ತೂಕಡಿಕೆ.

ನೀರು ಕುಡಿಯೋಕೆ ಎದ್ದು ಬಂದ ಹೆಂಡತಿ ಒಂದು ನಿಮಿಷ ನಿಂತು ನೋಡಿದಳು. "ಸಿಂಕಲ್ಲಿ ಕುಕ್ಕರ್ ಹಾಗೇ ಇದೆ. ಉಜ್ಜೋದೇ ಆದ್ರೆ ಅದನ್ನೂ ಒಂದು ಕೈ ನೋಡಿ," ಅಂತ ಹೇಳಿ ಮಲಗಲು ಹೋದಳು. ಬೈದಿದ್ದರೂ ಚೆನ್ನಾಗಿತ್ತು. ಸಾಕು ನಿಲ್ಲಿಸಿ ಅಂತಾದರೂ ಅನ್ನಬಹುದಿತ್ತು. ಅದೂ ಇಲ್ಲ. ನಾನು, ಕುದುರೆ, ಬೆಳಗಿನ ಜಾವದವರೆಗೆ ಪುಕ್ಕಟೆ ಸಮಯ. ಹತ್ತು ನಿಮಿಷಕ್ಕೆ ಆಫ್ ಮಾಡಿ ಕುಕ್ಕರ್ ಉಜ್ಜಿ ಮಲಗಿದೆ. ನಿಜ ಹೇಳಬೇಕೆಂದರೆ ಕುಕ್ಕರ್ ಉಜ್ಜೋದೇ ಮಜವಾಗಿತ್ತು.

ಈ ಗೇಮ್ ಮಿಷನ್ನು ಹನ್ನೆರಡು ತಿಂಗಳ ಕಂತಿನದು. ಆಟ ನೂರು ಜಿಬಿಗೂ ಜಾಸ್ತಿ. ಡೌನ್‌ಲೋಡ್ ಆಗೋಕೆ ಎರಡು ರಾತ್ರಿ, ಒಂದು ಹಗಲು. ಆದ ಮೇಲೆ ಅಪ್‌ಡೇಟು. ಅಪ್‌ಡೇಟ್ ಆದ ಮೇಲೆ ಅಕೌಂಟು. ಪಾಸ್‌ವರ್ಡಿನಲ್ಲಿ ಒಂದು ದೊಡ್ಡಕ್ಷರ, ಒಂದು ಸಣ್ಣಕ್ಷರ, ಒಂದು ಅಂಕಿ, ಜೊತೆಗೆ ಯಾರೂ ಬಳಸದ ಒಂದು ಚಿಹ್ನೆ ಇರಬೇಕಂತೆ. ಹಾಕಿದೆ. ಮರುದಿನವೇ ಮರೆತೆ.

ಅದೇ ನನ್ನ ಹೆಬ್ಬೆರಳುಗಳನ್ನು ಕೇಳಿ ನೋಡಿ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಕಾಂಟ್ರಾ ಅನ್ನೋ ಹಳೇ ವಿಡಿಯೋ ಗೇಮು ಶುರುವಾಗೋ ಮುಂಚೆ ಹೀಗೆ ಒತ್ತಿದರೆ ಮೂರು ಲೈಫಿನ ಬದಲು ಮೂವತ್ತು ಸಿಗುತ್ತಿತ್ತು. ಹದಿನೇಳರ ಮಗ್ಗಿ ಮರೆತಿದ್ದೇನೆ. ಮದುವೆಯಾದ ದಿನವನ್ನೂ ಎರಡು ಸಲ ಮರೆತು ಅನುಭವಿಸಿದ್ದೇನೆ. ಇದು ಮಾತ್ರ ಹೋಗಿಲ್ಲ.

ನಮ್ಮ ಮನೆಗೆ ವಿಡಿಯೋ ಗೇಮ್ ಬಂದಿದ್ದು 1995ರ ದಸರಾದಲ್ಲಿ. ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನ. ತಟ್ಟೆಗಿಂತ ದೊಡ್ಡ ಡೆಲ್ಲಿ ಹಪ್ಪಳ ತಿಂದಾಗಿತ್ತು. ಜೈಂಟ್ ವೀಲ್ ಹತ್ತೋಣ ಬನ್ನಿ ಅಂತ ಅಪ್ಪ ಕರೆದರೆ ನಾನೂ ತಮ್ಮನೂ ಒಂದು ಅಂಗಡಿ ಮುಂದೆ ಗೂಟ ಹೊಡೆದ ಹಾಗೆ ನಿಂತೆವು. ಡಬ್ಬದ ಮೇಲೆ '9999999 ಇನ್ 1' ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಲೆಕ್ಕದ ಮೇಷ್ಟರಾಗಿದ್ದ ಅಪ್ಪ ಅಲ್ಲೇ ನಿಂತು ಲೆಕ್ಕ ಹಾಕಿದರು. "ದಿನಕ್ಕೆ ಹತ್ತು ಆಟ ಆಡಿದ್ರೂ ಎರಡು ಸಾವಿರದ ಏಳುನೂರು ಚಿಲ್ಲರೆ ವರ್ಷ ಬೇಕಲ್ರೋ!" ಇಷ್ಟು ಬಾಳಿಕೆ ಬರುವ ಸಾಮಾನು ಬಿಡಬಾರದು ಅನ್ನಿಸಿತೋ ಏನೋ, ಚೌಕಾಸಿ ಮಾಡಿ ತಂದೇಬಿಟ್ಟರು. ಮನೆಗೆ ಬಂದು ಹಾಕಿ ನೋಡಿದರೆ ಹನ್ನೊಂದು ಆಟ. ಹನ್ನೆರಡನೆಯದು ಮತ್ತೆ ಮಾರಿಯೋ, ಎರಡನೇ ಸ್ಟೇಜಿನಿಂದ ಶುರುವಾಗುವ ಮಾರಿಯೋ. ಹದಿಮೂರನೆಯದು ಮೂರನೇ ಸ್ಟೇಜಿನಿಂದ. ಅಪ್ಪನ ಲೆಕ್ಕ ಮೊದಲ ಸಲ ತಪ್ಪಿದ್ದು ಅವತ್ತೇ.

ಅಂದಿನಿಂದ ಮನೆಯಲ್ಲಿ ಒಂದು ಕಾನೂನು ಬಂತು. ದಿನಕ್ಕೆ ಅರ್ಧ ಗಂಟೆ. ಅದಕ್ಕಿಂತ ಜಾಸ್ತಿ ಆಡಿದರೆ ಟಿವಿಯ ಪಿಕ್ಚರ್ ಟ್ಯೂಬು, ಅಂದರೆ ಚಿತ್ರ ಮೂಡಿಸೋ ಗಾಜಿನ ಬುರುಡೆ, ಹೋಗುತ್ತೆ. ಇದನ್ನು ಅಮ್ಮನಿಗೆ ಯಾರು ಹೇಳಿದರೋ ಗೊತ್ತಿಲ್ಲ. ನನ್ನ ವಯಸ್ಸಿನವರು ಯಾರನ್ನು ಕೇಳಿದರೂ ಅವರವರ ಅಮ್ಮಂದಿರೂ ಇದನ್ನೇ ಹೇಳಿದ್ದಾರೆ. ದಿನವಿಡೀ ವಾರ್ತೆ, ಚಿತ್ರಮಂಜರಿ, ಕ್ರಿಕೆಟ್ ಮ್ಯಾಚು ನೋಡಿದರೆ ಟ್ಯೂಬಿಗೆ ಏನೂ ಆಗುತ್ತಿರಲಿಲ್ಲ. ಮಾರಿಯೋ ಎರಡು ಇಟ್ಟಿಗೆ ಒಡೆದರೆ ಸಾಕು, ಟ್ಯೂಬಿನ ಆಯಸ್ಸು ಮುಗಿಯಿತು.

ಅಪ್ಪ ಪತ್ತೇದಾರಿ ಮಾಡುತ್ತಿದ್ದರು. ಸ್ಕೂಲಿಂದ ಬಂದವರೇ ಚಪ್ಪಲಿ ಬಿಡುವುದಕ್ಕೂ ಮೊದಲು ಟಿವಿಯ ಬೆನ್ನ ಮೇಲೆ ಅಂಗೈ ಇಡುತ್ತಿದ್ದರು. ಜ್ವರ ಬಂದ ಮಗುವಿನ ಹಣೆ ನೋಡಿದ ಹಾಗೆ. ಬಿಸಿ ಇದ್ದರೆ ನಮ್ಮ ಕಥೆ ಮುಗಿಯಿತು. ಅದಕ್ಕೇ ಐದೂಕಾಲು ಆಗುತ್ತಿದ್ದಂತೆ ಆಟ ನಿಲ್ಲಿಸಿ, ತಮ್ಮ ಅಡುಗೆಮನೆಯಿಂದ ಮೊರ ತರುತ್ತಿದ್ದ. ಒಬ್ಬ ಮೊರದಲ್ಲಿ, ಇನ್ನೊಬ್ಬ ಲೆಕ್ಕದ ನೋಟ್‌ಬುಕ್ಕಿನಲ್ಲಿ, ಮೂರ್ಛೆ ಬಂದವರಿಗೆ ಹಾಕೋ ಹಾಗೆ ಟಿವಿಗೆ ಗಾಳಿ ಹಾಕುತ್ತಿದ್ದೆವು. ಒಂದು ದಿನ ಅಪ್ಪ ಬೇಗ ಬಂದುಬಿಟ್ಟರು. ಬಾಗಿಲಲ್ಲಿ ನಿಂತು ನೋಡಿದರು. ಇಬ್ಬರು ಮಕ್ಕಳು, ಆರಿದ ಟಿವಿ, ಮೊರ. ಬೈಯಲಿಲ್ಲ, ಆದರೆ ಆ ವಾರ ಗೇಮು ಬೀರುವಿನೊಳಗೆ ಹೋಯಿತು.

ಆ ಅರ್ಧ ಗಂಟೆಯಲ್ಲೇ ನಾವು ಎಷ್ಟು ಜಗಳ ಆಡುತ್ತಿದ್ದೆವು ಅಂತೀರಾ! ಟ್ಯಾಂಕಿನ ಆಟ ನೆನಪಿದೆಯಾ? ಅದರ ಹೆಸರು ಬ್ಯಾಟಲ್ ಸಿಟಿ ಅಂತ ಗೊತ್ತಾಗಿದ್ದು ದೊಡ್ಡವನಾದ ಮೇಲೆ. ಇಬ್ಬರೂ ಒಟ್ಟಿಗೆ ಸೇರಿ ಕೆಳಗಡೆ ಇರುವ ಹದ್ದನ್ನು ಕಾಯಬೇಕು. ಆದರೆ ನನ್ನ ಗುಂಡು ತಮ್ಮನ ಟ್ಯಾಂಕಿಗೆ ತಗುಲಿದರೆ ಅವನು ಸ್ವಲ್ಪ ಹೊತ್ತು ಅಲ್ಲಾಡೋ ಹಾಗಿಲ್ಲ, ಗರ ಬಡಿದ ಹಾಗೆ ನಿಲ್ಲಬೇಕು. ನಾನು ಕೈ ತಪ್ಪಿ ಹೊಡೆದೆ ಅಂತ ಹೇಳುತ್ತಿದ್ದೆ. ದಿನಕ್ಕೆ ಹದಿನೈದು ಸಲ ಕೈ ತಪ್ಪುತ್ತಿತ್ತು. ತಮ್ಮನಿಗೆ ರೇಗಿದರೆ ಶತ್ರುಗಳನ್ನು ಬಿಟ್ಟು ನೇರ ಕೆಳಗೆ ಹೋಗಿ ನಮ್ಮ ಹದ್ದಿಗೇ ಗುಂಡು ಹಾಕುತ್ತಿದ್ದ. ಇಬ್ಬರದೂ ಗೇಮ್ ಓವರ್. ಈಗ ಆಸ್ತಿ ಭಾಗದ ಮಾತು ಬಂದಾಗಲೆಲ್ಲ ನನಗೆ ಆ ಹದ್ದು ನೆನಪಾಗುತ್ತದೆ.

ಕರೆಂಟು ಹೋದರೆ ಎಲ್ಲ ಮೊದಲಿಂದ. ಸೇವ್ ಗೀವ್ ಏನೂ ಇಲ್ಲ. ಗೇಮಿನ ಕ್ಯಾಸೆಟ್ ಓಡದಿದ್ದರೆ ತೆಗೆದು ಕೊಳಲು ಊದಿದ ಹಾಗೆ ಊದುವುದು. ಊದಿದ್ದರಿಂದ ಏನೂ ಪ್ರಯೋಜನವಿರಲಿಲ್ಲ, ತೆಗೆದು ಮತ್ತೆ ಹಾಕಿದ್ದಕ್ಕೇ ಪಿನ್ನುಗಳು ಸರಿಯಾಗಿ ಕೂತುಕೊಳ್ಳುತ್ತಿದ್ದವು, ಎಂಜಲು ಬಿದ್ದು ಪಿನ್ನಿಗೆ ತುಕ್ಕು ಹಿಡಿಯುತ್ತಿತ್ತು ಅಷ್ಟೇ ಅಂತ ಈಗ ತಿಳಿದವರು ಹೇಳುತ್ತಾರೆ. ಹೇಳಲಿ ಬಿಡಿ. ನಾವು ಊದಿದ್ದೇವೆ, ಅದು ಓಡಿದೆ.

ಇನ್ನೊಂದು ಲೆಕ್ಕ ಹೇಳುತ್ತೇನೆ, ಅಪ್ಪನ ಮಗ ಅಲ್ವಾ. 1985ರ ಆ ಮಾರಿಯೋ ಆಟ ಇಡಿಯಾಗಿ 40 ಕೆಬಿ. ನನ್ನ ಕುದುರೆ ಆಟದ ಜಾಗದಲ್ಲಿ ಇಪ್ಪತ್ತೈದು ಲಕ್ಷ ಮಾರಿಯೋ ಹಿಡಿಸುತ್ತವೆ. ಸೋದರಮಾವ ಬೆಳಗ್ಗೆ ಬೆಳಗ್ಗೆ ಕಳಿಸುವ 'ಶುಭೋದಯ'ದ ಗುಲಾಬಿ ಹೂವಿನಲ್ಲೇ ಎರಡು ಮೂರು ಹಿಡಿಸಬಹುದು. ಅಷ್ಟು ಚಿಕ್ಕದರಲ್ಲಿ ಹೇಗೆ ತುರುಕಿದರು ಅಂದರೆ, ಆಕಾಶದಲ್ಲಿರುವ ಮೋಡ ಮತ್ತು ನೆಲದ ಮೇಲಿರುವ ಪೊದೆ ಒಂದೇ ಚಿತ್ರ. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ಒಂದೇ ಹಿಟ್ಟಲ್ಲಿ ಬೆಳಗ್ಗೆ ದೋಸೆ, ಸಂಜೆ ಪಡ್ಡು. ಎಷ್ಟು ವರ್ಷ ಆಡಿದ್ದೇನೆ, ಒಂದು ದಿನವೂ ಗೊತ್ತಾಗಲಿಲ್ಲ ನೋಡಿ.

ಆಮೇಲೆ ಕಾಲೇಜು ಬಂತು, ಸರಸ್ವತಿಪುರಂನ ಸೈಬರ್ ಸೆಂಟರ್ ಬಂತು, ನೋಕಿಯಾ ಫೋನಿನ ಹಾವು ಬಂತು, ಕೆಲಸ ಬಂತು. ಆಟ ಯಾವಾಗ ಬಿಟ್ಟೆ ಅಂತ ನೆನಪಿಲ್ಲ.

ಈಗ ಮಗನಿಗೆ ಹತ್ತು ವರ್ಷ. ಅವನು ಫೋನಿನ ಆಟದಲ್ಲಿ ಹೀರೋಗೆ ಅಂಗಿ ಕೊಡಿಸುತ್ತಾನೆ, ನನ್ನ ದುಡ್ಡಲ್ಲಿ. ಅಂಗಿ ಹಾಕಿಕೊಂಡರೆ ಗುಂಡು ತಾಗಲ್ವಾ ಅಂದರೆ, ತಾಗುತ್ತೆ, ಆದ್ರೆ ಚೆನ್ನಾಗಿ ಕಾಣುತ್ತೆ ಅನ್ನುತ್ತಾನೆ. ಮಿಕ್ಕ ಹೊತ್ತಿನಲ್ಲಿ ಬೇರೆಯವರು ಆಡುವ ಆಟವನ್ನು ಯೂಟ್ಯೂಬಿನಲ್ಲಿ ನೋಡುತ್ತಾನೆ. "ಬೇರೆಯವರು ಆಡೋದನ್ನ ನೋಡೋಕೆ ಬೇಜಾರಾಗಲ್ವೇನೋ?" ಅಂತ ಒಂದು ದಿನ ಗದರಿದೆ. ಒಳಗಿನಿಂದ ಅಮ್ಮ, "ನೀನು ಪಕ್ಕದ ಮನೆ ಕಿಟಕಿ ಸರಳು ಹಿಡ್ಕೊಂಡು ನಿಂತಿರ್ತಿದ್ದೆ. ಊಟಕ್ಕೆ ಕರೆದ್ರೂ ಬರ್ತಿರಲಿಲ್ಲ," ಅಂದರು. ಸುಮ್ನೆ ಎದ್ದು ಹೋದೆ.

ಕುದುರೆಯ ರಾತ್ರಿ ಕಳೆದು ಬಂದ ಭಾನುವಾರ ಅಟ್ಟ ಹತ್ತಿದೆ. ದಸರಾ ಗೊಂಬೆಯ ಟ್ರಂಕಿನಲ್ಲಿ, ಪಟ್ಟದ ಗೊಂಬೆಗಳ ಪಕ್ಕ, ಹಳೇ ಸೀರೆಯಲ್ಲಿ ಸುತ್ತಿಟ್ಟಿದ್ದ ಗೇಮು ಸಿಕ್ಕಿತು. ಅದರ ಆಟದ ಬಂದೂಕೂ ಇತ್ತು. ಹೊಸ ಟಿವಿಯ ಹಿಂದೆ ಹಳದಿ ಪಿನ್ನಿಗೆ ಇನ್ನೂ ಒಂದು ತೂತು ಉಳಿದಿತ್ತು. ಮಾರಿಯೋ ಬಂದೇಬಿಟ್ಟ! ಮಗ ಪಕ್ಕ ಕೂತ. "ಇದಲ್ಲ ಕಣೋ, ಇರು, ಬಾತುಕೋಳಿ ಹೊಡೆಯೋದು ತೋರಿಸ್ತೀನಿ," ಅಂತ ಬಂದೂಕು ಹಿಡಿದೆ. ಒಂದು ಬಾತುಕೋಳಿಯೂ ಬೀಳಲಿಲ್ಲ. ಟಿವಿಗೆ ಬಂದೂಕು ಅಂಟಿಸಿ ಹೊಡೆದೆ. ಇಲ್ಲ. ಪೊದೆಯಿಂದ ನಾಯಿ ಎದ್ದು ಕಿಸಿಕಿಸಿ ನಕ್ಕಿತು. ಜೊತೆಗೆ ಮಗನೂ ನಕ್ಕ.

ಅದರ ಗುಟ್ಟು ಇಷ್ಟು. ನಾವು ಬಂದೂಕಿನ ಕುದುರೆ, ಅಂದರೆ ಟ್ರಿಗರ್, ಒತ್ತಿದ ಕ್ಷಣ ಪರದೆ ಪೂರ್ತಿ ಕಪ್ಪಾಗುತ್ತದೆ, ಮರುಕ್ಷಣ ಹಕ್ಕಿ ಇದ್ದ ಜಾಗದಲ್ಲಿ ಒಂದು ಬಿಳಿ ಚೌಕ ಬರುತ್ತದೆ. ಬಂದೂಕಿನಿಂದ ಏನೂ ಹೊರಡುವುದಿಲ್ಲ, ಅದು ಆ ಬೆಳಕನ್ನು ನೋಡುವ ಕಣ್ಣು ಅಷ್ಟೇ. ಟ್ಯೂಬ್‌ಲೈಟಿಗೆ ಗುರಿಯಿಟ್ಟು ಮೋಸ ಮಾಡೋಣ ಅಂತ ಹೊರಟಿದ್ದೆವು ಚಿಕ್ಕವರಿದ್ದಾಗ. ಅಂಥವರಿಗೇ ಅಂತ ಮೊದಲು ಕಪ್ಪು ತೋರಿಸುವುದು. ಹಳೇ ಡಬ್ಬ ಟಿವಿಯಲ್ಲಿ ಬೆಳಕು ಕೂಡಲೇ ಬರುತ್ತದೆ. ಹೊಸ ಟಿವಿ ಚಿತ್ರವನ್ನು ಒಂದಿಷ್ಟು ತಿದ್ದಿ ತೀಡಿ ಆಮೇಲೆ ತೋರಿಸುತ್ತದೆ. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ತಡ, ಆದರೆ ಅಷ್ಟರಲ್ಲಿ ಬಂದೂಕು ಕಣ್ಣು ಮುಚ್ಚಿಯಾಗಿರುತ್ತದೆ.

ಅಂದರೆ ಡಬ್ಬ ಟಿವಿ ಬೇಕು. ಮಂಡ್ಯದ ಗುತ್ತಲಿನಲ್ಲಿ ಚಿಕ್ಕಪ್ಪನ ಮನೆಯಲ್ಲಿ ಒಂದಿದೆ ಅಂತ ನೆನಪಾಯಿತು. ಮುಂದಿನ ಶನಿವಾರ ಹೊರಟೆ. ಟಿವಿ ಉಗ್ರಾಣದಲ್ಲಿ ರಾಗಿ ಚೀಲದ ಪಕ್ಕ ಇತ್ತು.

"ಯಾಕ್ಲಾ, ಮೈಸೂರಲ್ಲಿ ಟಿವಿ ಸಿಕ್ಕಾಕಿಲ್ವಾ?"

"ಸಿಗುತ್ತೆ ಚಿಕ್ಕಪ್ಪ. ನಂಗೆ ಹಳೇದೇ ಬೇಕು."

"ಏನ್ ಮಾಡೀಯೆ ಇಟ್ಕಂಡು?"

"ಬಾತುಕೋಳಿ ಹೊಡೆಯೋಕೆ."

ಚಿಕ್ಕಪ್ಪ ನನ್ನ ಮುಖವನ್ನೇ ಒಂದಷ್ಟು ಹೊತ್ತು ನೋಡಿದರು. ಆಮೇಲೆ ಒಳಗೆ ತಿರುಗಿ, "ಲೇ ಇವ್ಳೆ, ಈ ಐದನ್ಗೆ ಒಸಿ ಮಜ್ಗೆ ಕೊಡು. ಬಿಸ್ಲಲ್ಲಿ ಬಂದವ್ನೆ," ಅಂದರು.

21 ಇಂಚಿನ ಡಬ್ಬ ಟಿವಿ ಎತ್ತಿದ್ದೀರಾ? 20 ಕಿಲೋಗೆ ಮೋಸವಿಲ್ಲ. ಭಾರವೆಲ್ಲ ಮುಂದಿನ ಗಾಜಿನದು, ಹಿಂದುಗಡೆ ಬರೀ ಗಾಳಿ. ಅದಕ್ಕೇ ಗಾಜನ್ನು ಹೊಟ್ಟೆಗೆ ಒತ್ತಿ ಹಿಡಿದು, ಎಂಟು ತಿಂಗಳ ಬಸುರಿಯ ಹಾಗೆ ನಡೆಯಬೇಕು. ನನ್ನ ಹತ್ತಿರ ಇರುವುದು ಸ್ಕೂಟರು, ಹಾಗಾಗಿ ಬಸ್ಸೇ ಗತಿ. ಕಂಡಕ್ಟರ್ ನನ್ನನ್ನೂ ಟಿವಿಯನ್ನೂ ನೋಡಿ ಏನೂ ಕೇಳದೆ ಲಗೇಜ್ ಟಿಕೆಟ್ ಹರಿದರು. ಪಕ್ಕದಲ್ಲಿದ್ದ ಅಜ್ಜ ಮಾತ್ರ ಟಿವಿಯ ತಲೆ ಸವರಿ, "ಮ್ಯಾಲೊಂದು ಬಟ್ಟೆ ಒದ್ಸಿ ಸ್ವಾಮಿ, ಧೂಳ್ ಕುಂತ್ಕತದೆ," ಅಂದರು. ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ನನ್ನ ಎಡಗಾಲು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಮನೆಯ ಹದಿಮೂರನೇ ಮೆಟ್ಟಿಲಲ್ಲಿ ಸೊಂಟ ಹಿಡಿದುಕೊಂಡಿತು. ಉಳಿದ ಮೆಟ್ಟಿಲುಗಳನ್ನು ಟಿವಿ ಹತ್ತಿದ್ದು ಎದುರು ಮನೆಯವರ ಕೈಯಲ್ಲಿ, ನಾನು ಹತ್ತಿದ್ದು ಕಂಬಿ ಹಿಡಿದುಕೊಂಡು.

ಆನ್ ಮಾಡಿದೆ. ಮೊದಲು ಬರೀ ಹಿಮ, ಸೋ ಅಂತ ಸದ್ದು. ಟ್ಯೂನ್ ಮಾಡುತ್ತಾ ಹೋದೆ. ಹಿಮದೊಳಗಿಂದ ನೀಲಿ ಆಕಾಶ ಬಂತು, ಹುಲ್ಲು ಬಂತು, ನಾಯಿ ಬಂತು. ಬಂದೂಕು ಎತ್ತಿ ಕುದುರೆ ಒತ್ತಿದೆ. ಬಾತುಕೋಳಿ ತಲೆಕೆಳಗಾಗಿ ಧೊಪ್ಪನೆ ಬಿತ್ತು.

"ಅಪ್ಪಾ, ನಂಗೆ!" ಮಗ ಕಿತ್ತುಕೊಂಡ. ಮೂರು ಗುಂಡೂ ಗುರಿ ತಪ್ಪಿತು. ನಾಯಿ ನಕ್ಕಿತು. ಅವನು ನಾಯಿಗೇ ಗುಂಡು ಹಾಕಿದ, ಅದು ಸಾಯಲಿಲ್ಲ. ನಲವತ್ತೊಂದು ವರ್ಷದ ನಾನು, "ಈಗ ನನ್ನ ಚಾನ್ಸು, ನಿಂದು ಮೂರಾಯ್ತು," ಅಂತ ಎಳೆದೆ. ಅವನು ಬಿಡಲಿಲ್ಲ. ನಾನೂ ಬಿಡಲಿಲ್ಲ. ಸೊಂಟಕ್ಕೆ ಹಚ್ಚಿದ ಮುಲಾಮಿನ ವಾಸನೆ ಕೋಣೆಯೆಲ್ಲ ತುಂಬಿತ್ತು. ಅಮ್ಮ ಮಂಚದ ಮೇಲೆ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ಪಿಚಕ್, ಪಿಚಕ್ ಅಂತ ಬೇಳೆ ಪಾತ್ರೆಗೆ ಬೀಳುತ್ತಿತ್ತು.

ಇಪ್ಪತ್ತು ನಿಮಿಷ ಆಗಿರಬೇಕು.

"ಸಾಕು ನಿಲ್ಸೋ. ಪಿಕ್ಚರ್ ಟ್ಯೂಬು ಹೋಗುತ್ತೆ."

"ಇದೊಂದೇ ಸ್ಟೇಜಮ್ಮ," ಅಂದೆ. ಅಂದಮೇಲೆ ಯಾಕೋ ಕೈ ಚುರುಕಾಯಿತು. ಎಷ್ಟೋ ವರ್ಷದ ಮೇಲೆ ನನಗೆ ಆಟ ಬಿಟ್ಟು ಏಳಬಾರದು ಅನ್ನಿಸಿದ್ದು ಆಗಲೇ. ಎರಡು ಹಕ್ಕಿ ಬಿದ್ದವು. ಮೂರನೆಯದು ಮೇಲೆ ಏರುತ್ತಿತ್ತು.

ಟಪ್ ಅಂತ ಸದ್ದಾಯಿತು. ಆಕಾಶ, ಹುಲ್ಲು, ನಾಯಿ ಎಲ್ಲ ಮಡಚಿಕೊಂಡು ಪರದೆಯ ನಡುವೆ ಅಡ್ಡಕ್ಕೆ ಒಂದು ಬಿಳಿ ಗೆರೆಯಾಯಿತು.

ಯಾರೂ ಮಾತಾಡಲಿಲ್ಲ. ಅಮ್ಮ ಪಾತ್ರೆ ಪಕ್ಕಕ್ಕಿಟ್ಟರು. ಸೆರಗಿಗೆ ಕೈ ಒರೆಸಿಕೊಂಡು ಎದ್ದು ಬಂದು, ಟಿವಿಯ ಬೆನ್ನ ಮೇಲೆ ಅಂಗೈ ಇಟ್ಟರು. ಥೇಟ್ ಅಪ್ಪ ಇಡುತ್ತಿದ್ದ ಹಾಗೆ.

"ಕಾವಲಿ ಆಗಿದೆ. ಅವತ್ತಿಂದ ಬಡ್ಕೊಳ್ತಾನೇ ಇದ್ದೆ, ಕೇಳಿದ್ರಾ ನೀವು?" ಅಂದರು. ತಮ್ಮ ದೂರದ ಊರಲ್ಲಿದ್ದಾನೆ, ಆದರೂ 'ನೀವು' ಅಂದರು. ಆ ರಾತ್ರಿ ಅವನಿಗೆ ಫೋನ್ ಮಾಡಿ ತಾವೇ ವಿಷಯ ತಿಳಿಸಿದರು. ಮಂಡ್ಯಕ್ಕೂ ಮಾಡಿದರು. ಅಷ್ಟು ಖುಷಿಯಾಗಿ ಅಮ್ಮ ಮಾತಾಡಿದ್ದನ್ನು ನಾನು ಈಚೆಗೆ ಕೇಳಿರಲಿಲ್ಲ.

ಸೋಮವಾರ ಶಿವರಾಂಪೇಟೆಯ ರಿಪೇರಿಯವರಿಗೆ ಫೋನಿನಲ್ಲಿ ಗೆರೆಯ ವಿಷಯ ಹೇಳಿದೆ. "ಅಡ್ಡ ಗೆರೆ ತಾನೇ? ಟ್ಯೂಬಿಗೇನೂ ಆಗಿಲ್ಲ ಸಾರ್. ವರ್ಟಿಕಲ್ ಐಸಿ ಹೋಗಿದೆ, ಸಣ್ಣ ಪಾರ್ಟು," ಅಂದರು.

ಅಮ್ಮನಿಗೆ ಇನ್ನೂ ಹೇಳಿಲ್ಲ.