ಬ್ಯಾಡ್ಜ್ ಇದ್ದರೆ ಎಲ್ಲವೂ ಸಿಗುತ್ತದೆಯೇ? ಒಂದು ಸ್ಪಷ್ಟನೆ

ಅನಿಮೆ (ಜಪಾನಿನ ಆನಿಮೇಷನ್) ಅಭಿಮಾನಿಗಳು ಸೇರುವ ಕನ್ವೆನ್ಷನ್‌ಗೆ ಬ್ಯಾಡ್ಜ್, ಅಂದರೆ ಪ್ರವೇಶ ಪಾಸ್, ಕೊಂಡರೆ ಧ್ವನಿ ಕಲಾವಿದರ ಆಟೋಗ್ರಾಫ್, ಕಾನ್ಸರ್ಟ್ ಎಲ್ಲವೂ ಅದರಲ್ಲೇ ಸೇರಿರುತ್ತದೆ ಎಂಬ ಸಂದೇಶ ಹರಿದಾಡುತ್ತಿದೆ. ಇದು ಪೂರ್ತಿ ನಿಜವಲ್ಲ. ಕಾನ್ಸರ್ಟ್‌ಗೆ ಎಷ್ಟೋ ಕಡೆ ಬೇರೆ ಟಿಕೆಟ್ ಬೇಕು. ಆಟೋಗ್ರಾಫ್‌ಗೆ ಲಾಟರಿ, ಟೋಕನ್ ಅಥವಾ ಶುಲ್ಕ ಇರಬಹುದು.

ಇನ್ನೊಂದು ಗೊಂದಲ ಇದಕ್ಕಿಂತ ಜಾಸ್ತಿ ಬೇಜಾರು ಮಾಡಿಸುತ್ತದೆ. ‘ಡ್ರ್ಯಾಗನ್ ಬಾಲ್’ ಅನಿಮೆಯ ನಾಯಕ ಗೋಕುವನ್ನೇ ತಗೊಳ್ಳಿ: ಯಾವ ಭಾಷೆಯವರು ಅಂತ ಹೇಳದೆ ‘ಗೋಕುಗೆ ಧ್ವನಿ ಕೊಟ್ಟವರು ಬರ್ತಿದ್ದಾರೆ’ ಅಂತ ಸುಮ್ನೆ ಹಂಚಬೇಡಿ. ಜಪಾನೀಸ್‌ನಲ್ಲಿ 1986ರಿಂದ ಗೋಕುವಿನ ದನಿ ಮಸಾಕೊ ನೊಜಾವಾ ಅವರದು. ಇಂಗ್ಲಿಷ್ ಡಬ್‌ನಲ್ಲಿ ಹೆಸರಾದವರು ಶಾನ್ ಶೆಮ್ಮೆಲ್. ಇಬ್ಬರೂ ದೊಡ್ಡ ಕಲಾವಿದರೇ. ಆದರೆ ಪೋಸ್ಟರ್ ಸುರುಳಿ ಎದೆಗವಚಿಕೊಂಡು ಗಂಟೆಗಟ್ಟಲೆ ಸಾಲಲ್ಲಿ ನಿಂತವರಿಗೆ, ಮೇಜಿನ ಹಿಂದೆ ತಾವು ನೆನೆದವರ ಬದಲು ಇನ್ನೊಬ್ಬರು ಕಂಡರೆ ಮನಸ್ಸು ಮುದುಡುತ್ತದೆ, ಅಲ್ವಾ? ಟಿಕೆಟ್ ತೆಗೆದುಕೊಳ್ಳುವ ಮೊದಲು ಅತಿಥಿಯ ಹೆಸರು, ಅವರು ಕೆಲಸ ಮಾಡಿದ ಭಾಷೆ ಎರಡನ್ನೂ ನೋಡಿಕೊಳ್ಳಿ.