ನೆಲಮಾಳಿಗೆಯ ನೀರು, ಮನೆತುಂಬ ತಜ್ಞರು

ನೆಲಮಾಳಿಗೆಯಲ್ಲಿ ನೀರು ಕಾಣಿಸಿಕೊಂಡ ಮನೆಗೆ ಮೇಸ್ತ್ರಿಗಿಂತ ಮೊದಲು ಬರುವುದು ಸಲಹೆ. ನಮ್ಮಲ್ಲಿಗೆ ಅದು ಹೆಂಡತಿಯ ತಮ್ಮನ ರೂಪದಲ್ಲಿ ಬಂತು. ಪ್ಯಾಂಟು ಮಡಚಿಕೊಂಡು ಕೆಳಗಿಳಿದವನು ಗೋಡೆಯನ್ನು ಬೆರಳಿನಿಂದ ತಟ್ಟಿ, "ಭಾವ, ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಒಳಗಿನಿಂದ ವಾಟರ್‌ಪ್ರೂಫ್ ಬಣ್ಣ ಬಳಿದರೆ ಮುಗಿಯಿತು" ಎಂದ. ತಾನೇ ಬಳಿದೂ ಬಿಟ್ಟ.

ಗೋಡೆಯಾಚೆಯ ಮಣ್ಣಿನಲ್ಲಿ ಒಂದು ಮೀಟರ್ ಎತ್ತರಕ್ಕೆ ನೀರು ನಿಂತರೆ, ಅದರ ಬುಡದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು ಒಂದು ಟನ್ ಭಾರದ ಒತ್ತಡ ಬೀಳುತ್ತದೆ. ಅದರೆದುರು ನಮ್ಮ ಬಣ್ಣ ಎದೆಯೊಡ್ಡಿ ನಿಂತಿತ್ತು, ಪಾಪ. ಕೆಲವೇ ಮಳೆಗಳಲ್ಲಿ ಗುಳ್ಳೆಯೆದ್ದಿತು. ಒತ್ತಿದರೆ ಪಿಚಕ್ಕೆಂದು ನೀರು ಮುಖಕ್ಕೇ ಹಾರುತ್ತಿತ್ತು. ಸಿಪ್ಪೆ ಸುಲಿದ ಕಡೆ ಬಿಳಿ ಪುಡಿ. "ಬೂಷ್ಟು!" ಎಂದು ಭಾವಮೈದುನ ಮೂಗು ಮುಚ್ಚಿಕೊಂಡ. ಬೂಷ್ಟಲ್ಲ, ಉಪ್ಪು. ಗೋಡೆಯೊಳಗಿನ ಲವಣವನ್ನು ಕರಗಿಸಿಕೊಂಡು ಬಂದ ನೀರು ತಾನು ಆವಿಯಾಗಿ, ಲವಣವನ್ನು ಗೋಡೆಯ ಮೇಲೆ ಬಿಟ್ಟು ಹೋಗುತ್ತದೆ. ಮೇಲೆ ನೀರು ಚಿಮುಕಿಸಿದರೆ ಉಪ್ಪು ಕರಗುತ್ತದೆ, ಬೂಷ್ಟು ಜಗ್ಗುವುದಿಲ್ಲ.

ನೀರು ಹೊರಗಿನಿಂದ ಒಸರುತ್ತಿಲ್ಲ, ಒಳಗಿನ ಗಾಳಿಯ ತೇವವೇ ತಣ್ಣಗಿನ ಗೋಡೆಗೆ ತಗುಲಿ ಬೆವರುತ್ತಿದೆ ಎಂಬುದು ಹೆಂಡತಿಯ ವಾದ. ತೀರ್ಪಿಗಾಗಿ ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ಗೋಡೆಗೆ ಅಂಟಿಸಿ ಎರಡು ದಿನ ಬಿಟ್ಟೆವು. ಹಾಳೆಯ ಮುಂಭಾಗ ಒದ್ದೆಯಾದರೆ ಬೆವರು, ಹಿಂಭಾಗ ಒದ್ದೆಯಾದರೆ ಒಸರು. ನಮ್ಮದು ಎರಡೂ ಕಡೆ ಒದ್ದೆ. ವಾದ ಇಂದಿಗೂ ಜೀವಂತವಾಗಿದೆ.

ಹರಿಯುವ ನೀರಿನಲ್ಲೂ ಗಟ್ಟಿಯಾಗುವ ಹೈಡ್ರಾಲಿಕ್ ಸಿಮೆಂಟಿನ ಸರದಿ ನಂತರದ್ದು. ಅದು ಮೂರರಿಂದ ಐದು ನಿಮಿಷದಲ್ಲಿ ಬಿಗಿಯುತ್ತದೆ. ಆದ್ದರಿಂದ ಒಂದು ಮುಷ್ಟಿಯಷ್ಟೇ ಕಲಸಬೇಕು. ಭಾವಮೈದುನ ಅರ್ಧ ಬಕೆಟ್ ಕಲಸಿಟ್ಟು, ಬಂದ ಫೋನಿಗೆ ಉತ್ತರಿಸಲು ಮೇಲೆ ಹೋದ. ಕರಣೆ ಈಗಲೂ ಆ ಬಕೆಟಿನಲ್ಲಿ ನೆಟ್ಟಗೆ ನಿಂತಿದೆ. ಎರಡನೆಯ ಸಲ ಬಿರುಕೇನೋ ಮುಚ್ಚಿತು. ನೀರು ಮಾತ್ರ ಗೋಡೆ ಮತ್ತು ನೆಲ ಸೇರುವ ಸಂದಿನಿಂದ ಬಂತು. ಗೋಡೆಯ ಕಾಂಕ್ರೀಟು, ನೆಲದ ಕಾಂಕ್ರೀಟು ಬೇರೆಬೇರೆ ದಿನ ಸುರಿದದ್ದು. ಆ ಬೆಸುಗೆ ಎಂದೂ ಅಷ್ಟಕ್ಕಷ್ಟೆ.

ಕೊನೆಗೆ ಬಂದ ಮೇಸ್ತ್ರಿ ನೆಲಮಾಳಿಗೆಗೆ ಇಳಿಯಲೇ ಇಲ್ಲ. ಅಂಗಳದಲ್ಲಿ ನಿಂತು ಚಾವಣಿಯನ್ನೇ ನೋಡಿದರು. ಮಳೆನೀರಿನ ದೋಣಿಯ ತುಂಬ ತರಗೆಲೆ. ಇಳಿಪೈಪಿನ ಬಾಯಿ ನೇರ ತಳಪಾಯದ ಮೂಲೆಗೆ. ನೂರು ಚದರ ಮೀಟರ್ ಚಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್ ನೀರು. ಅಷ್ಟನ್ನೂ ನಾವೇ ಗೋಡೆಯ ಬುಡಕ್ಕೆ ಉಣಿಸುತ್ತಿದ್ದೆವು. ಪೈಪನ್ನು ಎರಡು ಮೀಟರ್ ಆಚೆಗೆ ಒಯ್ದು, ಮಣ್ಣನ್ನು ಮೊದಲ ಮೂರು ಮೀಟರಿನಲ್ಲಿ 15 ಸೆಂಟಿಮೀಟರ್ ತಗ್ಗುವಂತೆ ಹೊರಗಡೆಗೆ ಇಳಿಜಾರು ಮಾಡಬೇಕೆಂದರು. ಗೋಡೆಗೆ ಒತ್ತಿಕೊಂಡ ಹೂವಿನ ಪಾತಿಯೂ ಹೋಗಬೇಕಿತ್ತು. ಪಾತಿ ಹೆಂಡತಿಯದು. ಆ ಸುದ್ದಿ ತಿಳಿಸುವ ಕೆಲಸವನ್ನು ಮೇಸ್ತ್ರಿಗೇ ವಹಿಸಿದೆ. ಕೂಲಿಯಲ್ಲಿ ಅದೂ ಸೇರಿತ್ತು ಎಂದುಕೊಂಡಿದ್ದೇನೆ.

ಉಳಿದ ತೇವಕ್ಕೆ ಒಂದು ಗುಂಡಿ, ಅದರಲ್ಲಿ ಪಂಪು. ಜೋರು ಮಳೆಗೂ ವಿದ್ಯುತ್ ಕಡಿತಕ್ಕೂ ಹಳೆಯ ಸ್ನೇಹವಾದ್ದರಿಂದ ಅದಕ್ಕೊಂದು ಬ್ಯಾಟರಿ. ನೀರೇರಿದಾಗ ಪಂಪನ್ನು ಚಾಲೂ ಮಾಡುವ ತೇಲುಬುರುಡೆ ಸಿಕ್ಕಿಕೊಂಡಿಲ್ಲವೆಂದು ಖಾತ್ರಿಪಡಿಸಿಕೊಳ್ಳಲು ಆಗಾಗ ಗುಂಡಿಗೆ ಒಂದು ಬಕೆಟ್ ನೀರು ಸುರಿದು ನೋಡಬೇಕು. ಮನೆಯೊಳಗೆ ಬೇಕೆಂದೇ ನೀರು ಚೆಲ್ಲಲು ಮಕ್ಕಳಿಗೆ ಅನುಮತಿ ಇರುವುದು ಇದೊಂದಕ್ಕೇ. ಹಾಗಾಗಿ ನಮ್ಮ ಪಂಪು ಮಳೆಗಾಲಕ್ಕಿಂತ ಬೇಸಿಗೆ ರಜೆಯಲ್ಲೇ ಹೆಚ್ಚು ದುಡಿಯುತ್ತದೆ.